ನಕಲುಗಳಲ್ಲಿ ಉಳಿದ ಗ್ರಂಥಾಲಯ

ಮರುಮುದ್ರಣ ಕಾಣದೆ ಅಂಗಡಿಗಳಿಂದ ಮರೆಯಾದ ಹಳೆಯ ಕನ್ನಡ ಪುಸ್ತಕವನ್ನು ಅಂತರ್ಜಾಲದಲ್ಲಿ ಹುಡುಕುವ ಸಂಶೋಧಕರಲ್ಲಿ ಹೆಚ್ಚಿನವರು ಕೊನೆಗೆ ಬಂದು ತಲುಪುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆಯಿರುವ ಇಂಟರ್ನೆಟ್ ಆರ್ಕೈವ್ ಎಂಬ ಲಾಭರಹಿತ ಸಂಸ್ಥೆಯ ತಾಣಕ್ಕೆ. ಅಲ್ಲಿ ದೊರೆಯುವ ಅನೇಕ ಪುಸ್ತಕಗಳ ಗುರುತುಸಂಖ್ಯೆಯಲ್ಲಿ ‘ಡಿಎಲ್‌ಐ’ ಎಂಬ ಮೂರು ಅಕ್ಷರಗಳಿರುತ್ತವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆಯ ಗುರುತು ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ಕಟ್ಟಿದ ಆ ಗ್ರಂಥಾಲಯದ ಮೂಲ ತಾಣ ಓದುಗರ ಕೈತಪ್ಪಿ ಹೋಗಿ ವರ್ಷಗಳಾದರೂ ಅದರ ಪುಸ್ತಕಗಳು ಮಾತ್ರ ಬೇರೆಯವರು ಮಾಡಿಟ್ಟ ನಕಲುಗಳ ರೂಪದಲ್ಲಿ ಬದುಕಿವೆ.

ಯೋಜನೆಯ ಬೇರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದೆ. ಕೃತಕ ಬುದ್ಧಿಮತ್ತೆಯ ಕ್ಷೇತ್ರದಲ್ಲಿ ಮಾಡಿದ ಕೆಲಸಕ್ಕಾಗಿ 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ, ಆಂಧ್ರದ ಚಿತ್ತೂರು ಸೀಮೆಯ ರಾಜ್ ರೆಡ್ಡಿ ಅವರು ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಓದಲು ಕೊಡುವ ಯೋಜನೆಯೊಂದನ್ನು ಅಲ್ಲಿ ರೂಪಿಸಿದರು. ಅದಕ್ಕೆ ಭಾರತ ಮತ್ತು ಚೀನಾ ಪಾಲುದಾರರಾದವು. ಭಾರತದ ಭಾಗವನ್ನು ಮುನ್ನಡೆಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎನ್. ಬಾಲಕೃಷ್ಣನ್. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಂಥ ಹಳೆಯ ಗ್ರಂಥಾಲಯಗಳೂ ತಿರುಮಲ ತಿರುಪತಿ ದೇವಸ್ಥಾನದಂಥ ಸಂಸ್ಥೆಗಳೂ ಕಪಾಟು ತೆರೆದುಕೊಟ್ಟವು. 2007ರ ಹೊತ್ತಿಗೆ ಜಗತ್ತಿನ ಎಲ್ಲ ಕೇಂದ್ರಗಳೂ ಸೇರಿ ಗುರಿಯನ್ನು ದಾಟಿ ಹದಿನೈದು ಲಕ್ಷ ಪುಸ್ತಕಗಳನ್ನು ಮುಟ್ಟಿದ್ದವು.

ಸ್ಕ್ಯಾನ್ ಮಾಡಿದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮುಂದೆ ಬಂದ ತೊಡಕುಗಳಲ್ಲಿ ಹಲವು ಅಲ್ಲಿಯೇ ಹುಟ್ಟಿದವು. ಬೆನ್ನು ಸಡಿಲವಾದ ಹಳೆಯ ಪುಸ್ತಕವನ್ನು ಗಾಜಿನ ಮೇಲೆ ಕವುಚಿ ಒತ್ತಿದರೆ ಹೊಲಿಗೆ ಬಿಟ್ಟುಹೋಗುತ್ತದೆಂದು, ಪುಸ್ತಕವನ್ನು ಅಂಗಾತ ತೆರೆದಿಟ್ಟು ಮೇಲಿನಿಂದ ಚಿತ್ರ ತೆಗೆಯುವ ಸ್ಕ್ಯಾನರುಗಳನ್ನು ಬಳಸಲಾಯಿತು. ಪ್ರತಿ ಪುಟವನ್ನೂ ಒಂದು ಅಂಗುಲಕ್ಕೆ 600 ಚುಕ್ಕಿಗಳ ಸಾಂದ್ರತೆಯಲ್ಲಿ, ಆದರೆ ಕಪ್ಪು ಮತ್ತು ಬಿಳಿ ಎಂಬ ಎರಡೇ ಛಾಯೆಗಳಲ್ಲಿ ಉಳಿಸಲಾಯಿತು. ಕಡತ ಚಿಕ್ಕದಾಗಬೇಕೆಂಬ ಅಂದಿನ ಅನಿವಾರ್ಯಕ್ಕೆ ಇದು ಸರಿಯಾದ ಉಪಾಯವೇ ಆಗಿದ್ದರೂ ಕನ್ನಡದ ಮಟ್ಟಿಗೆ ಅದರ ಬೆಲೆ ದುಬಾರಿಯಾಯಿತು. ಪಕಾರ ಫಕಾರಗಳನ್ನೂ ದಕಾರ ಧಕಾರಗಳನ್ನೂ ಬೇರೆಮಾಡುವುದು ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಸೀಳು ಮಾತ್ರ. ಸವೆದ ಮೊಳೆಗಳಿಂದ ಅಚ್ಚಾದ ಪುಟದಲ್ಲಿ ತೆಳ್ಳಗೆ ಬೂದುಬಣ್ಣಕ್ಕೆ ಇಳಿದಿರುವ ಆ ಗೆರೆಯನ್ನು ಯಂತ್ರವು ಕಪ್ಪೆಂದಾದರೂ ಬಿಳಿಯೆಂದಾದರೂ ತೀರ್ಮಾನಿಸಲೇಬೇಕಾಗಿ, ಬಿಳಿಯೆಂದು ತೀರ್ಮಾನಿಸಿದ ಕಡೆಗಳಲ್ಲಿ ಮಹಾಪ್ರಾಣಗಳು ಅಲ್ಪಪ್ರಾಣಗಳಾದವು. ಬಣ್ಣದ ಚಿತ್ರಪಟಗಳು ಮಸಿ ಚೆಲ್ಲಿದಂತಾದವು, ಹಿಂದಿನ ಓದುಗರ ಪೆನ್ಸಿಲ್ ಟಿಪ್ಪಣಿಗಳು ಅಳಿಸಿಹೋದವು. ಕೆಲವು ಪುಟಗಳಲ್ಲಿ ಪುಸ್ತಕ ಹಿಡಿದವರ ಹೆಬ್ಬೆರಳು ಮಾತ್ರ ಸ್ಪಷ್ಟವಾಗಿ ಮೂಡಿದೆ.

ಇಷ್ಟಾಗಿಯೂ ಅದು ಅಪೂರ್ವ ಸಂಗ್ರಹವೇ. ದೊಡ್ಡ ತಪ್ಪು ನಡೆದದ್ದು ಓದುಗರಿಗೆ ಅದನ್ನು ಒದಗಿಸಿದ ರೀತಿಯಲ್ಲಿ. ಮೂಲ ತಾಣದಲ್ಲಿ ಪುಸ್ತಕವನ್ನು ಒಂದೊಂದೇ ಪುಟವಾಗಿ ಮಾತ್ರ ತೆರೆಯಬಹುದಾಗಿತ್ತು. ಆ ಪುಟವನ್ನು ಕಾಣಲು ಬ್ರೌಸರಿಗೆ ಟಿಫ್ ಎಂಬ ಚಿತ್ರಮಾದರಿಯನ್ನು ಓದುವ ಪ್ರತ್ಯೇಕ ತಂತ್ರಾಂಶವನ್ನು ಜೋಡಿಸಿಕೊಳ್ಳಬೇಕಿತ್ತು. ಇಡೀ ಪುಸ್ತಕವನ್ನು ಇಳಿಸಿಕೊಳ್ಳುವ ಸರಳ ದಾರಿ ಇಲ್ಲದ ಕಾರಣ, ಪುಟಗಳನ್ನು ಒಂದೊಂದಾಗಿ ತಂದು ಹೊಲಿದು ಒಂದೇ ಕಡತವಾಗಿಸುವ ಪುಟ್ಟ ತಂತ್ರಾಂಶಗಳನ್ನು ಓದುಗರೇ ಬರೆದುಕೊಂಡರು. ಅಧಿಕೃತ ವ್ಯವಸ್ಥೆಯ ಕಣ್ಣಿಗೆ ಇದು ಶಿಸ್ತುಭಂಗವಾಗಿ ಕಂಡಿರಬಹುದು. ಆದರೆ ಸಂಗ್ರಹ ಉಳಿಯಲು ಕಾರಣವಾದದ್ದು ನಕಲು ಮಾಡಬೇಕೆಂಬ ಈ ಹಟವೇ. ಸಾರ್ವಜನಿಕ ದಾಖಲೆಗಳನ್ನು ಎಲ್ಲರಿಗೂ ಮುಕ್ತವಾಗಿಸಲು ಹೋರಾಡುವ ಅಮೆರಿಕದ ಕಾರ್ಲ್ ಮಾಲಮಡ್ ಅವರ ಪಬ್ಲಿಕ್ ರಿಸೋರ್ಸ್ ಸಂಸ್ಥೆಯು ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿತು. ಮೂಲ ತಾಣ ಮೌನವಾದಾಗ ಜಗತ್ತಿನ ಓದುಗರಿಗೆ ಉಳಿದದ್ದು ಆ ಪ್ರತಿ.

ಗ್ರಂಥಾಲಯಶಾಸ್ತ್ರದಲ್ಲಿ ಡಿಜಿಟಲೀಕರಣ ಮತ್ತು ಡಿಜಿಟಲ್ ಸಂರಕ್ಷಣೆ ಎಂಬ ಎರಡನ್ನು ಬೇರೆ ಬೇರೆಯಾಗಿಯೇ ಎಣಿಸುತ್ತಾರೆ. ಮೊದಲನೆಯದು ಕಾಗದದಿಂದ ಚಿತ್ರ ತೆಗೆಯುವ ಕೆಲಸ, ಒಮ್ಮೆ ಮಾಡಿದರೆ ಮುಗಿಯುತ್ತದೆ. ಎರಡನೆಯದು ಆ ಚಿತ್ರ ಐವತ್ತು ವರ್ಷಗಳ ನಂತರವೂ ತೆರೆದುಕೊಳ್ಳುವಂತೆ ನೋಡಿಕೊಳ್ಳುವ, ಎಂದೂ ಮುಗಿಯದ ಕೆಲಸ. ಉದ್ಘಾಟನೆಗೆ ಒದಗುವುದು ಮೊದಲನೆಯದಾದ್ದರಿಂದ ಅನುದಾನವೂ ಅದಕ್ಕೇ ದೊರೆಯುತ್ತದೆ. ಎರಡನೆಯದರ ಮುಖ್ಯ ಉಪಕರಣವೊಂದು ತಪಾಸಣಾ ಮೊತ್ತ: ಕಡತದಲ್ಲಿರುವ ಎಲ್ಲ ಬಿಟ್‌ಗಳನ್ನೂ ಒಂದು ಗಣಿತ ಸೂತ್ರದ ಮೂಲಕ ಹಾಯಿಸಿ ಪಡೆಯುವ ಅಂಕಿ–ಅಕ್ಷರಗಳ ಸಾಲು. ಕಡತದಲ್ಲಿ ಒಂದೇ ಒಂದು ಬಿಟ್ ಕೆಟ್ಟರೂ ಸಾಲು ಪೂರ್ತಿ ಬದಲಾಗುವುದರಿಂದ, ವರ್ಷಕ್ಕೊಮ್ಮೆ ಅದನ್ನು ಮತ್ತೆ ಲೆಕ್ಕಹಾಕಿ ಹಳೆಯದಕ್ಕೆ ಹೋಲಿಸಿದರೆ ಯಾವ ಪ್ರತಿ ಕೆಟ್ಟಿದೆಯೆಂಬುದು ತಿಳಿಯುತ್ತದೆ. ಆದರೆ ಕೆಟ್ಟದ್ದನ್ನು ಸರಿಪಡಿಸಲು ಕೆಡದ ಇನ್ನೊಂದು ಪ್ರತಿ ಬೇರೆಲ್ಲೋ ಇರಲೇಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಲಾಕ್ಸ್ ಎಂಬ ವ್ಯವಸ್ಥೆಯಲ್ಲಿ ಹಲವು ಗ್ರಂಥಾಲಯಗಳು ಒಂದೇ ಸಾಮಗ್ರಿಯ ಪ್ರತಿಗಳನ್ನು ಇಟ್ಟುಕೊಂಡು, ಗಣಕಗಳ ಮೂಲಕವೇ ಪರಸ್ಪರ ಹೋಲಿಸಿ ದುರಸ್ತಿ ಮಾಡಿಕೊಳ್ಳುತ್ತವೆ.

ಈ ದೃಷ್ಟಿಯಿಂದ ನೋಡಿದರೆ ಇಂಟರ್ನೆಟ್ ಆರ್ಕೈವ್ ಒಂದನ್ನೇ ನಂಬುವುದೂ ಮತ್ತೊಂದು ಒಂಟಿಕಂಬವನ್ನು ನಂಬಿದಂತೆಯೇ. 2017ರ ಆಗಸ್ಟ್‌ನಲ್ಲಿ ಚಲನಚಿತ್ರಗಳ ಕಳ್ಳಪ್ರತಿ ತಡೆಯಲು ನಿರ್ಮಾಪಕರು ಮದ್ರಾಸ್ ಹೈಕೋರ್ಟಿನಿಂದ ತಂದ ಆದೇಶದ ತಾಣಪಟ್ಟಿಯಲ್ಲಿ ಈ ಹೆಸರೂ ಸೇರಿಹೋಗಿ, ಸಿನಿಮಾಕ್ಕೆ ಯಾವ ಸಂಬಂಧವೂ ಇಲ್ಲದ ಲಕ್ಷಾಂತರ ಪುಸ್ತಕಗಳು ಭಾರತದ ಓದುಗರಿಗೆ ಕೆಲಕಾಲ ಮುಚ್ಚಿಹೋದವು. 2024ರ ಅಕ್ಟೋಬರಿನಲ್ಲಿ ನಡೆದ ಸೈಬರ್ ದಾಳಿಯಿಂದ ತಾಣವೇ ಕೆಲವು ದಿನ ಸ್ಥಗಿತವಾಗಿತ್ತು. ಎರಡು ಸಲವೂ ಪುಸ್ತಕಗಳು ನಾಶವಾಗಲಿಲ್ಲ. ಬಾಗಿಲು ಮಾತ್ರ ಮುಚ್ಚಿತ್ತು, ಆದರೆ ಗಡುವಿನ ಮುಂದೆ ಕುಳಿತ ಸಂಶೋಧನಾ ವಿದ್ಯಾರ್ಥಿಗೆ ಆ ವ್ಯತ್ಯಾಸದಿಂದ ಏನೂ ಸಮಾಧಾನವಿಲ್ಲ.

ಬಾಗಿಲು ತೆರೆದಿದ್ದರೂ ಪುಸ್ತಕ ಕೈಗೆ ಸಿಗದಿರುವ ಇನ್ನೊಂದು ಬಗೆಯೂ ಇದೆ. ಪುಸ್ತಕದ ಹೆಸರು, ಲೇಖಕ, ಪ್ರಕಾಶಕ, ಇಸವಿ ಮುಂತಾದ ವಿವರಗಳನ್ನು ಮೆಟಾಡೇಟಾ ಎನ್ನುತ್ತಾರೆ. ಡಿಎಲ್‌ಐ ಸಂಗ್ರಹದಲ್ಲಿ ಈ ವಿವರಗಳನ್ನು ಬಹುಪಾಲು ರೋಮನ್ ಲಿಪಿಯಲ್ಲಿ, ನಮೂದಿಸಿದವರ ಕೈಬಂದಂತೆ ಬರೆದಿರುವುದರಿಂದ ದೀರ್ಘಸ್ವರ ಒಂದು ಕಡೆ ಜೋಡಿ ಅಕ್ಷರವಾಗಿಯೂ ಇನ್ನೊಂದು ಕಡೆ ಒಂಟಿಯಾಗಿಯೂ ಇದೆ, ಲೇಖಕರ ಇನಿಷಿಯಲ್‌ಗಳು ಕೆಲವೊಮ್ಮೆ ಹಿಂದೆ, ಕೆಲವೊಮ್ಮೆ ಮುಂದೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಕನ್ನಡದಲ್ಲಿ ಟೈಪಿಸಿ ಹುಡುಕಿದವರಿಗೆ ಏನೂ ಸಿಗುತ್ತಿರಲಿಲ್ಲ. ಬೆಂಗಳೂರಿನ ‘ಸಂಚಯ’ ತಂಡವು ಸ್ವಯಂಸೇವಕರ ನೆರವಿನಿಂದ ಈ ಸಂಗ್ರಹದ ಮತ್ತು ಉಸ್ಮಾನಿಯಾ ಸಂಗ್ರಹದ ಕನ್ನಡ ಪುಸ್ತಕಗಳ ಹೆಸರುಗಳನ್ನು ಕನ್ನಡ ಲಿಪಿಗೆ ತಂದು ‘ಪುಸ್ತಕ ಸಂಚಯ’ ಎಂಬ ಹುಡುಕುತಾಣವನ್ನು ಕಟ್ಟಿದ್ದು ಈ ಕೊರತೆಯನ್ನು ಕಂಡೇ. ಯಂತ್ರಗಳಿಗಿಂತ ಹೆಚ್ಚಾಗಿ ತಾಳ್ಮೆಯನ್ನು ಬೇಡುವ ಈ ಕೆಲಸದ ಫಲ ಸ್ಕ್ಯಾನಿಂಗ್‌ನ ಫಲಕ್ಕಿಂತ ಕಡಿಮೆಯದಲ್ಲ. ಅದೇ ತಂಡದ ‘ವಚನ ಸಂಚಯ’ದಲ್ಲಿ ವಚನಗಳು ಚಿತ್ರಗಳಾಗಿರದೆ ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದ ಪಠ್ಯವಾಗಿರುವುದರಿಂದ, ಒಂದು ಪದವನ್ನು ಯಾವ ಯಾವ ವಚನಕಾರರು ಎಲ್ಲೆಲ್ಲಿ ಬಳಸಿದ್ದಾರೆಂಬುದನ್ನು ಕ್ಷಣದಲ್ಲಿ ಕಾಣಬಹುದು.

ಚಿತ್ರದಲ್ಲಿರುವ ಅಕ್ಷರಗಳನ್ನು ಗಣಕವೇ ಗುರುತಿಸಿ ಪಠ್ಯವಾಗಿಸುವ ತಂತ್ರಾಂಶಗಳು ಇಂದು ಕನ್ನಡಕ್ಕೂ ಇವೆ. ಆದರೆ ಸೀಳು ಕಳೆದುಕೊಂಡ ಮಹಾಪ್ರಾಣಗಳೂ ಕೆಳಗಿನ ಸಾಲಿಗೆ ತಾಗುವ ಒತ್ತಕ್ಷರಗಳೂ ಹಳಗನ್ನಡದ ೞ ಮತ್ತು ಱ ಅಕ್ಷರಗಳೂ ಅವುಗಳನ್ನು ಎಡವಿಸುತ್ತವೆ. ವಿಚಿತ್ರವೆಂದರೆ ಕಂಪ್ಯೂಟರಿನಲ್ಲಿಯೇ ಹುಟ್ಟಿದ ಕನ್ನಡ ಪಠ್ಯವೂ ಇದಕ್ಕಿಂತ ಸುರಕ್ಷಿತವಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಡಿಟಿಪಿ ಮಳಿಗೆಗಳಲ್ಲಿ ಸಿದ್ಧವಾದ ಪುಸ್ತಕಗಳ ಕಡತಗಳು ಆಯಾ ಕಂಪನಿಯ ಫಾಂಟ್‌ಗೆ ಅಂಟಿಕೊಂಡಿದ್ದು, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತವೆ. 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ಇಂದು ಯಾರು ಬೇಕಾದರೂ ಓದಬಹುದು. 1990ರ ದಶಕದ ಫ್ಲಾಪಿಯಲ್ಲಿರುವ ಕಾದಂಬರಿಯ ಕಡತದ ಬಗ್ಗೆ ಹಾಗೆ ಹೇಳುವಂತಿಲ್ಲ.

ಉಳಿದದ್ದು ಹಕ್ಕಿನ ಪ್ರಶ್ನೆ. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಗೆ 1992ರಲ್ಲಿ ಬಂದ ತಿದ್ದುಪಡಿಯಂತೆ, ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಯ ಹಕ್ಕು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. ಡಿಎಲ್‌ಐ ಈ ಗಡಿಯನ್ನು ಎಲ್ಲ ಕಡೆಯೂ ಪಾಲಿಸದೆ ಹಕ್ಕಿರುವ ಪುಸ್ತಕಗಳನ್ನೂ ಸೇರಿಸಿಕೊಂಡದ್ದು ಅದರ ಮೇಲಿದ್ದ ನ್ಯಾಯವಾದ ದೂರುಗಳಲ್ಲಿ ಒಂದು. ಈಗ ಸ್ಕ್ಯಾನ್ ಮಾಡುವವರು ಲೇಖಕರಿಂದಲೋ ವಾರಸುದಾರರಿಂದಲೋ ಒಪ್ಪಿಗೆ ಪಡೆಯುವುದು ಅಥವಾ ಅವಧಿ ಮುಗಿಯಲು ಕಾಯುವುದು ಸರಿಯಾದ ದಾರಿ. 1963ರಲ್ಲಿ ತೀರಿಕೊಂಡ ಎಂ. ಗೋವಿಂದ ಪೈ ಮತ್ತು ತ್ರಿವೇಣಿ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಮುಕ್ತವಾಗಿವೆ. 1966ರಲ್ಲಿ ತೀರಿಕೊಂಡ ತೀ.ನಂ. ಶ್ರೀಕಂಠಯ್ಯನವರ ಕೃತಿಗಳ ಸರದಿ 2027ರದು, ಅ.ನ. ಕೃಷ್ಣರಾಯರ ಕಾದಂಬರಿಗಳದು 2032ರದು. ಆ ಪುಸ್ತಕಗಳ ಮೊದಲ ಮುದ್ರಣಗಳು ಯಾವ ಊರಿನ ಯಾವ ಗ್ರಂಥಾಲಯದಲ್ಲಿ, ಎಂಥ ಸ್ಥಿತಿಯಲ್ಲಿವೆ ಎಂಬ ಪಟ್ಟಿಯನ್ನು ಮಾಡಲು ಯಾವ ಹಕ್ಕೂ ಅಡ್ಡಬರುವುದಿಲ್ಲವಾದ್ದರಿಂದ ಆ ಕೆಲಸವನ್ನು ಇಂದೇ ಆರಂಭಿಸಬಹುದು.