ಬಸದಿಯ ಸಭೆಗೆ ಬ್ಯಾಟರಿ ಮೈಕ್ ಸೆಟ್: ಬಳಕೆ ಮತ್ತು ಜೋಪಾನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಬಸದಿಗಳ ಪ್ರವಚನಕ್ಕೆ ಚಕ್ರವಿರುವ ಬ್ಯಾಟರಿ ಸ್ಪೀಕರ್ ಬಹಳ ಅನುಕೂಲ. ಕರೆಂಟ್ ಹೋದರೂ ಮಾತು ನಿಲ್ಲುವುದಿಲ್ಲ. ಆದರೆ ಹಿಂದೆ ಕುಳಿತ ಹಿರಿಯರಿಗೆ ಸದ್ದು ಕೇಳಿಸಿಯೂ ಮಾತು ತಿಳಿಯದಿದ್ದರೆ ಅದನ್ನು ತಂದು ಫಲವೇನು?

ಕಲ್ಲು ಸದ್ದನ್ನು ಹೀರಿಕೊಳ್ಳುವುದಿಲ್ಲ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂಥ ಶಿಲಾಮಂಟಪಗಳಲ್ಲಿ ವಾಲ್ಯೂಮ್ ಏರಿಸಿದಷ್ಟೂ ಮಾತು ಕಲಸಿಹೋಗುತ್ತದೆ. ಒಂದೇ ದೊಡ್ಡ ಸ್ಪೀಕರನ್ನು ಜೋರಾಗಿ ಹಾಕುವ ಬದಲು ಎರಡು ಚಿಕ್ಕವನ್ನು ಕೇಳುಗರ ಹತ್ತಿರವೇ, ಕುಳಿತವರ ತಲೆಗಿಂತ ತುಸು ಎತ್ತರದಲ್ಲಿಟ್ಟು, ಸದ್ದು ತಗ್ಗಿಸಿ. ಬಾಸ್ ಕಡಿಮೆಯಿರಲಿ. ಎಕೋ ಪೂರ್ತಿ ಮುಚ್ಚಿಬಿಡಿ. ಅದು ಹಾಡುವವರ ಚಪಲಕ್ಕೆ ಇರುವ ಗುಂಡಿ. ಸ್ಪೀಕರ್ ಮೈಕಿಗಿಂತ ಮುಂದೆ, ಸಭೆಯತ್ತ ಮುಖಮಾಡಿ ಇರಬೇಕು. ಇಲ್ಲದಿದ್ದರೆ ಅದು ಕುಂಯ್ ಎಂದು ಕೂಗುತ್ತದೆ. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೂ ಅಷ್ಟೇ.

ಚಾತುರ್ಮಾಸದ ಪ್ರವಚನಗಳು ಬರುವುದೇ ನಮ್ಮ ಕಡೆಯ ದಟ್ಟ ಮಳೆಯಲ್ಲಿ. ಬೇಸಿಗೆಯ ಕಾರ್ಯಕ್ರಮ ಮುಗಿಸಿ ಖಾಲಿ ಬ್ಯಾಟರಿಯಲ್ಲೇ ಮೂಲೆಗೆ ತಳ್ಳಿದ ಸೆಟ್ ಆಗ ಕೈಕೊಡುತ್ತದೆ. ಇಂಥ ಅನೇಕ ಸೆಟ್‌ಗಳಲ್ಲಿರುವ 12 ವೋಲ್ಟಿನ ಸೀಸದ ಬ್ಯಾಟರಿ ಖಾಲಿಯಾಗಿ ಬಿದ್ದಿದ್ದರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಬಳಸದಿದ್ದರೂ ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ, ಹತ್ತು ನಿಮಿಷ ಹಾಕಿ ನೋಡಿ. ತೇವದ ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ. ಕಾರ್ಡ್‌ಲೆಸ್ ಮೈಕಿನ ಸೆಲ್‌ಗಳನ್ನು ತೆಗೆದಿಡಿ; ಸೋರಿದರೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.

ಅಂಗಳದಲ್ಲಿ ಅಥವಾ ರಸ್ತೆಬದಿಯಲ್ಲಿ ಸಭೆಯಾದರೆ 2000ದ ಶಬ್ದ ಮಾಲಿನ್ಯ ನಿಯಮಗಳಂತೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ.