ಮೂರಕ್ಷರಕ್ಕೆ ಐದು ಸಂಖ್ಯೆ

ಫೋನಿನಲ್ಲಿ ‘ಕನ್ನಡ’ ಎಂದು ಬರೆದು ಗೆಳೆಯರಿಗೆ ಕಳಿಸುತ್ತೀರಿ. ನಿಮಗೂ ಅವರಿಗೂ ಕಾಣುವುದು ಮೂರು ಅಕ್ಷರ. ಫೋನು ಕಳಿಸುವುದು ಮಾತ್ರ ಐದು ಸಂಖ್ಯೆ: 3221, 3240, 3277, 3240, 3233. ಮೊದಲನೆಯದು ಕ, ಕೊನೆಯದು ಡ, ಎರಡು ಬಾರಿ ಬಂದಿರುವ 3240 ನ. ಎರಡು ನಕಾರಗಳ ನಡುವಿನ 3277 ಹಲಂತ. ‘ಹಿಂದಿನ ವ್ಯಂಜನದ ಅಕಾರ ಕಳಚಿ ಮುಂದಿನದಕ್ಕೆ ಸೇರಿಸು’ ಎಂಬುದಷ್ಟೇ ಅದರ ಕೆಲಸ. ಕೆಳಗೆ ಜೋತುಬಿದ್ದ ನಕಾರದ ಒತ್ತಿಗೆ ಬೇರೆ ಸಂಖ್ಯೆ ಇಲ್ಲವೇ ಇಲ್ಲ.

ಇಷ್ಟು ತಿಳಿದಿದ್ದರೆ ಬ್ಲಾಗು ಬರೆಯುವವರನ್ನೂ ವಾಟ್ಸಾಪ್ ಗುಂಪು ನಡೆಸುವವರನ್ನೂ ಕಾಡುವ ಎಷ್ಟೋ ತೊಡಕುಗಳ ಗುಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಫೋನು ಅಕ್ಷರದ ಆಕಾರವನ್ನು ಕೂಡಿಡುವುದಿಲ್ಲ. ಉಚ್ಚಾರಣೆಯ ಕ್ರಮದಲ್ಲಿ ಸಂಖ್ಯೆಗಳನ್ನು ಕೂಡಿಡುತ್ತದೆ, ತೋರಿಸಬೇಕಾದಾಗಲೆಲ್ಲ ಆಕಾರವನ್ನು ಹೊಸದಾಗಿ ಕಟ್ಟುತ್ತದೆ.

ಈ ಸಂಖ್ಯೆಗಳ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. 1991ರ ಅಕ್ಟೋಬರಿನಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು ಸಿಕ್ಕಿದ್ದವು. ಭಾರತೀಯ ಲಿಪಿಗಳ ವಿಭಾಗವನ್ನು ಯೂನಿಕೋಡ್ ರೂಪಿಸಿದ್ದು ನಮ್ಮಲ್ಲೇ 1988ರಲ್ಲಿ ಸಿದ್ಧವಾದ ‘ಇಸ್ಕಿ’ ಎಂಬ ಸಂಕೇತ ಪಟ್ಟಿಯ ಆಧಾರದ ಮೇಲೆ. ವರ್ಣಮಾಲೆಯ ಕ್ರಮ ನಮ್ಮ ಲಿಪಿಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಆದ್ದರಿಂದ ಪ್ರತಿ ಲಿಪಿಗೂ ಅದೇ ವಿನ್ಯಾಸದ 128 ಮನೆಗಳ ಬೀದಿ ಹಾಕಿಕೊಟ್ಟಿದ್ದಾರೆ. ತೆಲುಗಿನ ಕ 3093ರಲ್ಲಿದೆ. ಅದಕ್ಕೆ 128 ಕೂಡಿಸಿದರೆ ಕನ್ನಡದ ಕ. ಇನ್ನೊಮ್ಮೆ 128 ಕೂಡಿಸಿದರೆ 3349, ಮಲಯಾಳಂ ಕ. ತೆಲುಗು ಪಠ್ಯವನ್ನು ಕನ್ನಡ ಲಿಪಿಗೆ ಇಳಿಸಿಕೊಡುವ ತಂತ್ರಾಂಶದ ತಿರುಳೆಲ್ಲ ಈ ಒಂದು ಕೂಡುವ ಲೆಕ್ಕದಲ್ಲಿದೆ. ಅಲ್ಲಲ್ಲಿ ಜೋಡಿಯಿಲ್ಲದ ಅಕ್ಷರಗಳು ಎದುರಾಗುತ್ತವೆ, ಅವನ್ನು ಬೇರೆಯಾಗಿ ನೋಡಿಕೊಂಡರಾಯಿತು.

ಇನ್ನು ಆಕಾರ ಕಟ್ಟುವ ಯಂತ್ರದ ವಿಷಯ. ಹಳೆಯ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುವವರು ಹಸ್ತಪ್ರತಿ ನೋಡುತ್ತ ಯಾವ ಖಾನೆಯಿಂದ ಯಾವ ಮೊಳೆ ಎತ್ತಬೇಕು, ಒತ್ತನ್ನು ಎಲ್ಲಿ ಕೂರಿಸಬೇಕು ಎಂದು ಕ್ಷಣದಲ್ಲಿ ನಿರ್ಧರಿಸುತ್ತಿದ್ದರಲ್ಲ, ಫೋನಿನೊಳಗೆ ಆ ಕೆಲಸಕ್ಕೆಂದೇ ಒಂದು ತಂತ್ರಾಂಶವಿದೆ. ಶೇಪಿಂಗ್ ಎಂಜಿನ್ ಎನ್ನುತ್ತಾರೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಮೂರರಲ್ಲೂ ಇರುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಸಂಖ್ಯೆಗಳ ಸಾಲನ್ನು ಮೊದಲು ಅಕ್ಷರಗಳಾಗಿ ಒಡೆದುಕೊಂಡು, ಆಮೇಲೆ ಫಾಂಟಿನೊಳಗೆ ಬರೆದಿಟ್ಟ ನಿಯಮಗಳನ್ನು ಅದು ಓದುತ್ತದೆ: ನ, ಹಲಂತ, ನ ಬಂದರೆ ಈ ಒತ್ತನ್ನು ತೆಗೆ; ಕ, ಹಲಂತ, ಷ ಬಂದರೆ ಮೂರನ್ನೂ ಬಿಟ್ಟು ಈ ಒಂದೇ ರೂಪವನ್ನು ಇಡು.

ಅರ್ಕಾವೊತ್ತು ಬಂದಾಗ ಅದರ ನಿಜವಾದ ಪರೀಕ್ಷೆ. ‘ಸೂರ್ಯ’ ಎನ್ನುವಾಗ ಬಾಯಿಗೆ ರಕಾರ ಮೊದಲು, ಯಕಾರ ಆಮೇಲೆ. ಸಂಖ್ಯೆಗಳೂ ಅದೇ ಕ್ರಮದಲ್ಲಿವೆ. ತೆರೆಯ ಮೇಲೆ ಮಾತ್ರ ಯ ಮೊದಲು ಬಂದು ರಕಾರದ ಕೊಕ್ಕೆ ಅದರ ಬಲಕ್ಕೆ ಹೋಗಬೇಕು. ಎಂಜಿನ್ ಈ ಸ್ಥಾನಪಲ್ಲಟವನ್ನು ಪ್ರತಿ ಸಲವೂ ಮಾಡುತ್ತದೆ. ಪುಟವನ್ನು ಬೆರಳಿನಿಂದ ಸರಿಸುತ್ತ ಹೋದಂತೆ ಹೊಸ ಸಾಲುಗಳಲ್ಲಿ ಈ ಕೆಲಸ ನಡೆಯುತ್ತಲೇ ಇರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ಎಡವಿದಾಗ ಗೊತ್ತಾಗುತ್ತದೆ. 2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದೇ ಒಂದು ಅಕ್ಷರ ಐಫೋನುಗಳನ್ನು ಮುಗ್ಗರಿಸಿತ್ತು. ನಮ್ಮ ‘ಜ್ಞಾ’ಕ್ಕೆ ಸಮನಾದ ಅಕ್ಷರವದು, ಸ್ವರಚಿಹ್ನೆಗೆ ಮುಂಚೆ ಕಣ್ಣಿಗೆ ಕಾಣದ ಒಂದು ಸಂಖ್ಯೆಯೂ ಸೇರಿಕೊಂಡಿತ್ತು. ಅದನ್ನು ತೋರಿಸಲು ಹೊರಟ ಆ್ಯಪ್ ಅಲ್ಲೇ ಕುಸಿಯುತ್ತಿತ್ತು. ಸಂದೇಶದ ಸೂಚನೆಯಾಗಿ ಬಂದರಂತೂ ಮುಖಪುಟವೇ ಬೀಳುತ್ತಿತ್ತು. ಆ ತಿಂಗಳ 19ರಂದು ಆ್ಯಪಲ್ ಐಫೋನ್ ತಂತ್ರಾಂಶದ 11.2.6 ಆವೃತ್ತಿಯನ್ನು ಹೊರಡಿಸಿ ಸರಿಪಡಿಸಿತು. ಆಕಾರ ಕಟ್ಟುವುದು ಎಷ್ಟು ನಾಜೂಕಿನ ಕೆಲಸ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಅಳಿಸುವ ಗುಂಡಿಯ ವಿಚಿತ್ರ ವರ್ತನೆಗೂ ಕಾರಣ ಈ ಸಂಖ್ಯೆಗಳೇ. ‘ಕ್ಷಿ’ ಬರೆದು ಒಮ್ಮೆ ಅಳಿಸಿದರೆ ಗುಡಿಸು ಮಾತ್ರ ಹೋಗುತ್ತದೆ. ಇನ್ನೊಮ್ಮೆ ಒತ್ತಿದರೆ ‘ಕ್’ ಉಳಿಯುತ್ತದೆ, ಮತ್ತೊಮ್ಮೆ ಒತ್ತಿದರೆ ‘ಕ’. ಸಾಮಾನ್ಯವಾಗಿ ಅಳಿಸುವಾಗ ಒಂದೊಂದೇ ಸಂಖ್ಯೆ, ಕರ್ಸರ್ ಚಲಿಸುವಾಗ ಇಡೀ ಅಕ್ಷರ. ಹಾಗಾಗಿ ಒತ್ತು ತಪ್ಪಿದರೆ ಅಕ್ಷರದ ನಡುವೆ ಬೆರಳಿಟ್ಟು ಹೆಣಗಾಡಬೇಡಿ. ಅಕ್ಷರದ ಕೊನೆಗೆ ಹೋಗಿ ಹಿಂದಿನಿಂದ ಕಳಚುತ್ತ ಬನ್ನಿ.

ಕನ್ನಡ ಸರಿಯಾಗಿ ಕಾಣದಿದ್ದಾಗ ಎಡವಟ್ಟು ಎಲ್ಲಿದೆ ಎಂದು ನೋಟದಿಂದಲೇ ಹೇಳಬಹುದು. ಸಾಲುಸಾಲು ಖಾಲಿ ಚೌಕಗಳು ಕಂಡರೆ ಸಂಖ್ಯೆಗಳು ಸರಿಯಾಗಿಯೇ ಬಂದಿವೆ, ಫಾಂಟ್ ಇಲ್ಲ. ಅಕ್ಷರಗಳಿದ್ದೂ ಒತ್ತುಗಳೆಲ್ಲ ಬಿಡಿಸಿಕೊಂಡು ‘ಕನ್‌ನಡ’ ಎಂದು ಕಂಡರೆ ಫಾಂಟ್ ಇದೆ, ಎಂಜಿನ್ ಕೆಲಸ ಮಾಡುತ್ತಿಲ್ಲ. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡವನ್ನು ಬೆಂಬಲಿಸುವ ಮುಂಚೆ ಇವೆರಡೂ ಫೋನುಗಳಲ್ಲಿ ದಿನನಿತ್ಯದ ನೋಟಗಳು. ಈಗ ಎರಡನೆಯದು ಹೆಚ್ಚಾಗಿ ಸಿಗುವುದು ಪೋಸ್ಟರು, ಪುಸ್ತಕ ವಿನ್ಯಾಸ ಮಾಡುವವರಿಗೆ. ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ‘ವರ್ಲ್ಡ್ ರೆಡಿ’ ಎಂಬ ಕಂಪೋಸರನ್ನು ಆರಿಸಿಕೊಂಡರೆ ಒತ್ತುಗಳು ತಮ್ಮ ಜಾಗಕ್ಕೆ ಮರಳುತ್ತವೆ.

ಮೂರನೆಯ ನೋಟ ಬೇರೆಯೇ ಕಾಯಿಲೆ. ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀರಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀರಿರುವ ಎ, ಜರ್ಮನ್ನಿನ ಒಂದು ಅಕ್ಷರ... ಹೀಗೆ ಕಂಡರೆ ಅದು ‘ಕನ್ನಡ’ವೇ, ಹಳೆಯ ನುಡಿ ಫಾಂಟಿನಲ್ಲಿ. ಯೂನಿಕೋಡ್ ಕಂಪ್ಯೂಟರುಗಳಿಗೆ ಇಳಿದು ಬರುವ ಮುಂಚೆ ಕನ್ನಡ ಬರೆಯಲೇಬೇಕಿತ್ತು, ಕಾಯುವಂತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂದರು. ಕನ್ನಡ ಗಣಕ ಪರಿಷತ್ತು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿ ‘ನುಡಿ’ ತಂದಿತು. ಎಫ್ ಕೀಲಿ ಒತ್ತಿ ಒತ್ತಕ್ಷರ ಮೂಡಿಸುವ ಆ ಅಭ್ಯಾಸ ಇವತ್ತಿಗೂ ಸಾವಿರಾರು ಬೆರಳುಗಳಲ್ಲಿದೆ. ಆ ಕಾಲದ ಫಾಂಟುಗಳ ಜಾಣತನ ಏನೆಂದರೆ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದು. ಪಿ ಮನೆಯಲ್ಲಿ ತಲೆಕಟ್ಟಿಲ್ಲದ ಕ, ಗೀರಿನ ಎ ಮನೆಯಲ್ಲಿ ತಲೆಕಟ್ಟು. ಅದಕ್ಕೇ ಆ ಗೀರಿನ ಎ ಸಾಲಿನುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಸೊಗಸಾದ ಕನ್ನಡ, ಇಲ್ಲದ ಕಡೆ ಆ ಗೋಜಲು. ಗೂಗಲ್ಲಿಗೂ ಅದು ಗೋಜಲೇ. ಹುಡುಕಿದರೆ ಸಿಗುವುದಿಲ್ಲ.

ಮನೆಯ ಕಂಪ್ಯೂಟರಿನಲ್ಲಿ ಇಪ್ಪತ್ತು ವರ್ಷದ ಹಿಂದಿನ ಲೇಖನಗಳನ್ನು ಇಟ್ಟುಕೊಂಡವರು ಅವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದುಬಿಡಿ. ಉಚಿತ ಪರಿವರ್ತಕಗಳು ಬೇಕಾದಷ್ಟಿವೆ. ನುಡಿ, ಬರಹ ಎರಡೂ ಈಗ ಯೂನಿಕೋಡಿನಲ್ಲೂ ಬರೆಯುತ್ತವೆ. ಆದರೆ ಆಯ್ಕೆ ಹಳೆಯದರಲ್ಲೇ ನಿಂತಿರಬಹುದು, ಬರೆಯಲು ಕೂರುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಪರಿವರ್ತಿಸಿದ ಮೇಲೂ, ನೇರ ಫೋನಿನಲ್ಲೇ ಬರೆದಾಗಲೂ ಇಬ್ಬರು ಕಳ್ಳರು ಒಳಗೆ ನುಗ್ಗುತ್ತಾರೆ. ಅನುಸ್ವಾರ ಮತ್ತು ಕನ್ನಡದ ಸೊನ್ನೆ ನೋಡಲು ಹೆಚ್ಚುಕಡಿಮೆ ಒಂದೇ. ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ‘ಬೆ೦ಗಳೂರು’ ಎಂದು ಸೊನ್ನೆ ಹಾಕಿ ಬರೆದ ಪುಟಗಳು ಅಂತರ್ಜಾಲದಲ್ಲಿ ರಾಶಿಗಟ್ಟಲೆ ಇವೆ. ಓದುವವರಿಗೆ ವ್ಯತ್ಯಾಸ ತಿಳಿಯದು. ಯಂತ್ರಕ್ಕೆ ಅದು ಬೆಂಗಳೂರೇ ಅಲ್ಲ. ಎರಡನೆಯ ಕಳ್ಳ ಕನ್ನಡದ ಒಂಬತ್ತು. ಅರ್ಕಾವೊತ್ತು ಮೂಡಿಸಲು ತಿಳಿಯದವರು ‘ಸೂಯ೯’ ಎಂದು ಬರೆದು ಸಮಾಧಾನಪಟ್ಟುಕೊಳ್ಳುತ್ತಾರೆ.

ಸೊನ್ನೆಯನ್ನು ಹಿಡಿಯುವುದು ಸುಲಭ. ಬರೆದ ಕಡತದಲ್ಲಿ ‘ಹುಡುಕಿ ಬದಲಿಸು’ ತೆರೆದು ೦ ಹುಡುಕಿ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸಲು ಹೋದರೆ ೨೦೨೦ ಎಂದು ಬರೆದ ಇಸವಿಗಳಿಗೂ ಅನುಸ್ವಾರ ಅಂಟಿಕೊಳ್ಳುತ್ತದೆ, ಆದ್ದರಿಂದ ಒಂದೊಂದಾಗಿ ನೋಡಿ. ಒಂಬತ್ತಿನ ಕಥೆ ಅಷ್ಟು ಸರಳವಲ್ಲ. ಅದು ಕಣ್ಣಿನ ಕ್ರಮದಲ್ಲಿ ಯಕಾರದ ನಂತರ ಕೂತಿದೆ, ನಿಜವಾದ ರಕಾರ ಯಕಾರಕ್ಕಿಂತ ಮುಂಚೆ ಇರಬೇಕು. ಬದಲಿಸಿದರೆ ಸಾಲದು, ಪದವನ್ನು ಮತ್ತೆ ಬರೆಯಬೇಕು.

ಕಣ್ಣಿಗೆ ಕಾಣದ ಸಂಖ್ಯೆ ಎಂದೆನಲ್ಲ, ಅಂಥವು ಎರಡಿವೆ: 8204 ಮತ್ತು 8205. ಅಗಲವೇ ಇಲ್ಲದ ಇವು ಎಂಜಿನ್ನಿಗೆ ಕಿವಿಮಾತು ಹೇಳುತ್ತವೆ. 8204 ‘ಜೋಡಿಸಬೇಡ’ ಎನ್ನುತ್ತದೆ. ಅದಿಲ್ಲದಿದ್ದರೆ ರಾಜ್‌ಕುಮಾರ್ ಹೋಗಿ ‘ರಾಜ್ಕುಮಾರ್’ ಆಗುತ್ತಾರೆ, ಸಾಫ್ಟ್‌ವೇರ್ ಒಂದರ ಕೆಳಗೊಂದು ಒತ್ತು ಹೊತ್ತುಕೊಂಡು ಬಾಗುತ್ತದೆ. 8205ರ ಕೆಲಸ ಕನ್ನಡದಲ್ಲಿ ಮುಖ್ಯವಾಗಿ ರಕಾರದ ಹತ್ತಿರ. ‘ರ್ಯಾಲಿ’ ಎಂದು ಸುಮ್ಮನೆ ಬರೆದರೆ ರಕಾರ ಅರ್ಕಾವೊತ್ತಾಗಿ ಯಕಾರದ ಹಿಂದೆ ಹೋಗುತ್ತದೆ. ರಕಾರಕ್ಕೂ ಹಲಂತಕ್ಕೂ ನಡುವೆ 8205 ಇಟ್ಟರೆ ‘ರ‍್ಯಾಲಿ’, ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗುತ್ತದೆ. ತೊಂದರೆ ಹುಡುಕಾಟದಲ್ಲಿ. ದೊಡ್ಡ ಶೋಧಯಂತ್ರಗಳು ಇಂಥ ಸೂಕ್ಷ್ಮಗಳನ್ನು ಸಾಕಷ್ಟು ಸಂಭಾಳಿಸುತ್ತವೆ. ನಿಮ್ಮ ಫೋನಿನ ಟಿಪ್ಪಣಿ ಆ್ಯಪ್‌ನ ಹುಡುಕುಪೆಟ್ಟಿಗೆ ಸಂಭಾಳಿಸದೇ ಇರಬಹುದು. ಬರೆದದ್ದು ಖಂಡಿತ ಇದೆ, ಹುಡುಕಿದರೆ ಸಿಗುತ್ತಿಲ್ಲ ಎನಿಸಿದಾಗ ಇಡೀ ಪದ ಕೊಡುವ ಬದಲು ‘ಕುಮಾರ್’ ಎಂಬಂಥ ತುಣುಕು ಕೊಟ್ಟು ನೋಡಿ. ಬ್ಲಾಗಿನ ಶೀರ್ಷಿಕೆಗಳಲ್ಲಿ, ಟ್ಯಾಗುಗಳಲ್ಲಿ ಒಂದು ಪದವನ್ನು ಒಂದೇ ರೀತಿ ಬರೆಯುವ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು. ನನ್ನ ಮಟ್ಟಿಗೆ ಟ್ಯಾಗುಗಳಲ್ಲಿ ಅರ್ಕಾವೊತ್ತಿನ ಗೊಂದಲವಿರುವ ಪದಗಳನ್ನೇ ದೂರವಿಡುವುದು ಲೇಸು.

ವಿಳಾಸಗಳ ವಿಷಯ ಬ್ಲಾಗಿಗರು ತಿಳಿದಿರಲೇಬೇಕು. ಜಾಲದಲ್ಲಿ ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ತೆಗೆದುಕೊಂಡರೆ ಕನ್ನಡದ ಒಂದೊಂದು ಸಂಖ್ಯೆಯೂ ಮೂರು ಬೈಟ್. ಜಾಲ ವಿಳಾಸದೊಳಗೆ ಹೋಗುವಾಗ ಪ್ರತಿ ಬೈಟೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ ಉಬ್ಬುತ್ತದೆ. ‘ಕನ್ನಡ’ದ ಐದು ಸಂಖ್ಯೆ 15 ಬೈಟ್, ವಿಳಾಸದಲ್ಲಿ 45 ಚಿಹ್ನೆ. ಕೊಂಡಿಯನ್ನು ವಾಟ್ಸಾಪಿನಲ್ಲಿ ಅಂಟಿಸಿದಾಗ ಬರುವ ಆ ಶೇಕಡಾ ಚಿಹ್ನೆಗಳ ಉದ್ದನೆಯ ರೈಲು ಇದೇ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ತಾನೇ ವಿಳಾಸ ಮಾಡುವಾಗ 200 ಚಿಹ್ನೆಗಳಿಗೆ ಕತ್ತರಿ ಹಾಕುತ್ತದೆ, ಅಂದರೆ ಕನ್ನಡದ ಸುಮಾರು 22 ಸಂಖ್ಯೆಗಳಿಗೆ. ಗೂಗಲ್ಲಿನ ಬ್ಲಾಗರ್ ಇನ್ನೊಂದು ತುದಿ: ಕನ್ನಡ ಶೀರ್ಷಿಕೆಯನ್ನು ಪೂರ್ತಿ ಬಿಟ್ಟು ವಿಳಾಸಕ್ಕೆ ‘ಬ್ಲಾಗ್-ಪೋಸ್ಟ್’ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟು, ಮುಂದೊಂದು ಅಂಕಿ ಅಂಟಿಸಿಬಿಡುತ್ತದೆ. ಎರಡಕ್ಕೂ ಮದ್ದು ಒಂದೇ. ಪ್ರಕಟಿಸುವ ಮುಂಚೆ ಪರ್ಮಾಲಿಂಕ್ ಜಾಗದಲ್ಲಿ ಇಂಗ್ಲಿಷಿನ ಎರಡು ಮೂರು ಪದಗಳನ್ನು ಕೈಯಾರೆ ಬರೆಯಿರಿ. ಶೀರ್ಷಿಕೆ ಕನ್ನಡದಲ್ಲೇ ಇರುತ್ತದೆ.

ಎಸ್ಸೆಮ್ಮೆಸ್ಸಿನಲ್ಲೂ ಇಂಥದೇ ಲೆಕ್ಕ. ಒಂದು ಸಂದೇಶದ ಜಾಗ 1120 ಬಿಟ್. ಇಂಗ್ಲಿಷಿಗೆ ಅಕ್ಷರಕ್ಕೆ 7 ಬಿಟ್ಟಿನಂತೆ 160. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶ 16 ಬಿಟ್ಟಿಗೆ ಜಿಗಿದು 70ಕ್ಕೆ ಇಳಿಯುತ್ತದೆ. ಒತ್ತು, ಕಾಗುಣಿತ ಎಲ್ಲ ಬೇರೆ ಬೇರೆ ಎಣಿಕೆ.

ಕೊನೆಗೆ ಪಿಡಿಎಫ್. ಪಿಡಿಎಫ್ ಹುಟ್ಟಿದ್ದೇ ಪುಟ ಎಲ್ಲ ಕಡೆ ಒಂದೇ ಥರ ಕಾಣಲಿ ಎಂದು. ಅದು ಮುಖ್ಯವಾಗಿ ನೆನಪಿಟ್ಟುಕೊಳ್ಳುವುದು ಎಂಜಿನ್ ಕಟ್ಟಿ ಮುಗಿಸಿದ ಆಕಾರಗಳನ್ನು ಮತ್ತು ಅವು ಕೂತ ಜಾಗವನ್ನು. ಅದರಿಂದ ಕನ್ನಡ ನಕಲಿಸಿ ಅಂಟಿಸಿದರೆ ಒತ್ತುಗಳು ಹಾರಿ, ಅರ್ಕಾವೊತ್ತು ಬೇರೆ ಕಡೆ ಬಿದ್ದು, ಸ್ವರಚಿಹ್ನೆಗಳು ಅದಲುಬದಲಾಗಿ ಬರುವುದು ಈ ಕಾರಣಕ್ಕೆ. ಆಕಾರದಿಂದ ಸಂಖ್ಯೆಗೆ ಹಿಂದಿರುಗುವ ದಾರಿಯನ್ನು ಕಡತದಲ್ಲಿ ಸರಿಯಾಗಿ ಬರೆದಿಟ್ಟಿರುವುದು ಅಪರೂಪ. ಇಂಥ ಕಡತ ಕೈಗೆ ಬಂದರೆ ನಕಲಿಸುವ ಗೋಜಿಗೆ ಹೋಗದೆ ಪುಟದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಕೊಡಿ. ಚಿತ್ರದಿಂದ ಅಕ್ಷರ ಗುರುತಿಸುವ ಅದರ ಫಲಿತಾಂಶ ಎಷ್ಟೋ ಸಲ ಪಿಡಿಎಫ್ ನಕಲಿಗಿಂತ ಚೊಕ್ಕ. ಆಮೇಲೆ ಒಮ್ಮೆ ಓದಿ ತಿದ್ದಿದರೆ ಸಾಕು.

ಶುಭಾಶಯ, ಸುತ್ತೋಲೆ, ಕವನ ಎಲ್ಲವನ್ನೂ ಚಿತ್ರವಾಗಿ ಹಂಚುವ ಚಟ ಈಗ ಎಲ್ಲೆಲ್ಲೂ ಇದೆ. ಚಿತ್ರದಲ್ಲಿ 3221 ಇರುವುದಿಲ್ಲ, ಬಣ್ಣದ ಚುಕ್ಕೆಗಳಷ್ಟೇ ಇರುತ್ತವೆ. ಹುಡುಕಾಟಕ್ಕೆ ಸಿಗುವುದು ದೂರದ ಮಾತು, ದೃಷ್ಟಿಯಿಲ್ಲದವರ ಫೋನು ಅದನ್ನು ಓದಿ ಹೇಳಲು ಹೊರಟರೆ ‘ಚಿತ್ರ’ ಎಂದಷ್ಟೇ ಹೇಳಿ ಮುಂದೆ ಹೋಗಬಹುದು. ತೆರೆಯನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳಿಗೆ ಬೇಕಾದದ್ದು ಆ ಸಂಖ್ಯೆಗಳ ಸಾಲು. ಸೊನ್ನೆ ಹಾಕಿದ ಬೆ೦ಗಳೂರಿನ ನಡುವೆ ಅವು ‘ಸೊನ್ನೆ’ ಎಂದು ಓದಿದರೂ ಆಶ್ಚರ್ಯವಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬಲ್ಲಿ ‘ಟಾಕ್‌ಬ್ಯಾಕ್’ ಇದೆ. ಅದನ್ನು ಚಾಲೂ ಮಾಡಿ, ಕನ್ನಡ ಧ್ವನಿ ಆರಿಸಿಕೊಂಡು, ನಿಮ್ಮದೇ ಬರಹದ ಒಂದು ಪುಟವನ್ನು ಓದಿಸಿ ಕೇಳಿ. ಟಾಕ್‌ಬ್ಯಾಕ್ ಚಾಲೂ ಇರುವಾಗ ಬೆರಳಿನ ಸನ್ನೆಗಳು ಬದಲಾಗುತ್ತವೆ: ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಅದನ್ನು ನಿಲ್ಲಿಸುವುದು ಹೇಗೆ ಎಂದು ಶುರುಮಾಡುವ ಮುಂಚೆಯೇ ನೋಡಿಟ್ಟುಕೊಳ್ಳಿ.