ಮೂಲವ್ಯಾಧಿ: ತಿಳಿವಳಿಕೆ ಮತ್ತು ಸುರಕ್ಷಿತ ಚಿಕಿತ್ಸೆ

ಗುದದ್ವಾರದ ಒಳಭಾಗದಲ್ಲಿ ರಕ್ತನಾಳಗಳಿಂದ ಕೂಡಿದ ಮೃದುವಾದ ಮೆತ್ತೆಗಳು ಎಲ್ಲರಲ್ಲಿಯೂ ಇರುತ್ತವೆ. ಅವು ಊದಿಕೊಂಡು ಕೆಳಗೆ ಜಾರಿದಾಗ ಮೂಲವ್ಯಾಧಿ ಎನಿಸುತ್ತದೆ. ಮಲಬದ್ಧತೆ, ಶೌಚದಲ್ಲಿ ತಿಣುಕುವುದು ಹಾಗೂ ಗರ್ಭಾವಸ್ಥೆ ಇದಕ್ಕೆ ಸಾಮಾನ್ಯ ಕಾರಣಗಳು. ಶೌಚಾಲಯವಿದ್ದೂ ನೀರಿಲ್ಲದೆ, ಕತ್ತಲಾಗುವವರೆಗೆ ತಡೆದುಕೊಳ್ಳುವ ಮಹಿಳೆಯರಲ್ಲಿ ಮಲವು ಗಟ್ಟಿಯಾಗುತ್ತದೆ. ಈ ಕಾರಣದ ನಿವಾರಣೆ ವೈದ್ಯರದಲ್ಲ, ಪಂಚಾಯಿತಿಯ ಹೊಣೆ.

ಆರಂಭದ ಹಂತದಲ್ಲಿ ಬಹುತೇಕರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಸೊಪ್ಪು, ಕಾಳು, ರಾಗಿ, ಸಾಕಷ್ಟು ನೀರು ಹಾಗೂ ದಿನಕ್ಕೆರಡು ಬಾರಿ 10ರಿಂದ 15 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕುಳಿತುಕೊಳ್ಳುವುದರಿಂದ ಉಪಶಮನ ದೊರೆಯುತ್ತದೆ. ಗುಣವಾಗದಿದ್ದಲ್ಲಿ ತಜ್ಞರು ಮೂಲದ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುವ ಚಿಕಿತ್ಸೆ ನೀಡುತ್ತಾರೆ.

ನಿಜವಾದ ಅಪಾಯವಿರುವುದು ನಾಚಿಕೆಯಲ್ಲಿ. ಆಸ್ಪತ್ರೆಗೆ ಹೋಗಲು ಸಂಕೋಚಪಡುವವರು ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಒಂದೇ ಇಂಜೆಕ್ಷನ್‌ನಲ್ಲಿ ಗುಣ’ ಎಂಬ ಭಿತ್ತಿಪತ್ರವನ್ನು ನಂಬುತ್ತಾರೆ. ಅರ್ಹತೆಯಿಲ್ಲದವರು ಚುಚ್ಚುವ ಸುಡುವ ರಾಸಾಯನಿಕದಿಂದ ಮಾಂಸ ಕೊಳೆಯಬಹುದು, ಗುದದ್ವಾರವೇ ಕಿರಿದಾಗಬಹುದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದನ್ವಯ ಖಾಸಗಿ ಚಿಕಿತ್ಸಾಲಯಗಳ ನೋಂದಣಿ ಕಡ್ಡಾಯ. ನೋಂದಣಿಯಿಲ್ಲದವು ಕಂಡುಬಂದಲ್ಲಿ ಸದಸ್ಯರು ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ತರಬೇಕು.

ಮಲದಲ್ಲಿ ಕಾಣುವ ರಕ್ತವೆಲ್ಲ ಮೂಲವ್ಯಾಧಿಯದೇ ಎಂದು ಭಾವಿಸಬಾರದು. ಕರುಳಿನ ಕ್ಯಾನ್ಸರ್‌ನಲ್ಲಿಯೂ ರಕ್ತಸ್ರಾವವಾಗುತ್ತದೆ. ರಕ್ತ ಕಂಡವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ತೂಕ ಇಳಿಕೆ, ಕಪ್ಪು ಮಲ ಅಥವಾ ಶೌಚದ ಕ್ರಮದಲ್ಲಿ ಬದಲಾವಣೆ ಕಂಡಲ್ಲಿ ವಿಳಂಬ ಸಲ್ಲದು. ಒಂಟಿಯಾಗಿ ಹೋಗಲು ಹಿಂಜರಿಯುವ ಮಹಿಳೆಯರು ಆಶಾ ಕಾರ್ಯಕರ್ತೆಯ ನೆರವು ಕೋರಬಹುದು.